ಶಿಲೆಯ ನಾಗ, ನೀರಿನ ನಾಗ

ಕನ್ನಡನಾಡಿನ ಹಳ್ಳಿಯನ್ನು ಹೊಗುವ ಪ್ರಯಾಣಿಕನ ಕಣ್ಣಿಗೆ ಊರ ಹೊರಗಣ ಅಶ್ವತ್ಥದ ಕಟ್ಟೆಯೂ ಆ ಕಟ್ಟೆಯ ಮೇಲೆ ಸಾಲಾಗಿ ನಿಂತ ನಾಗರಕಲ್ಲುಗಳೂ ಬೀಳದೆ ಇರುವುದಿಲ್ಲ. ಬೇಲೂರು ಹಳೇಬೀಡುಗಳ ಶಿಲ್ಪವೈಭವವನ್ನು ಕುರಿತು ಗ್ರಂಥಗಳೇ ಹೊರಟಿರುವುವು. ಅರಸಿನ ಕುಂಕುಮಗಳಲ್ಲಿ ಮುಸುಕಿಹೋದ ಈ ಸಣ್ಣ ಕಲ್ಲುಗಳನ್ನು ಕಲೆಯೆಂದು ಎಣಿಸಿದವರು ವಿರಳ. ಪೂಜಿಸುವವರಿಗೆ ಅವು ದೇವರು. ಪೂಜಿಸದವರಿಗೆ ಮೂಢನಂಬಿಕೆಯ ಗುರುತು. ಹೀಗೆ ಎರಡು ಪಕ್ಷದವರ ದೃಷ್ಟಿಯಿಂದಲೂ ಶಿಲ್ಪಿಯ ಕೆಲಸವು ಮರೆಯಾಗಿಬಿಟ್ಟಿದೆ. ಈ ಕಲ್ಲುಗಳನ್ನು ಕಡೆಸಿದವರು ಯಾವ ಭಾವದಿಂದ ಕಡೆಸಿದರು, ಅವು ಮರದ ನೆರಳನ್ನೂ ನೀರಿನ ನೆರೆಯನ್ನೂ ಏಕೆ ಆಶ್ರಯಿಸಿದುವು, ನೆರಳೂ ನೀರೂ ಹೋದ ಮೇಲೆ ಕಲ್ಲಿನಲ್ಲಿ ಉಳಿಯುವುದೇನು ಎಂಬುದು ವಿಚಾರಾರ್ಹವಾದ ಸಂಗತಿ.

ಕರ್ಣಾಟಕದಲ್ಲಿ ಈ ಪರಂಪರೆಗೆ ದೊರೆತಿರುವ ಅತ್ಯಂತ ಹಳೆಯ ಸಾಕ್ಷ್ಯಗಳಲ್ಲೊಂದು ಬನವಾಸಿಯದು. ವರದಾ ನದಿಯ ದಡದ ಈ ಊರು ಕದಂಬರ ರಾಜಧಾನಿಯೆಂದು ಸುಪ್ರಸಿದ್ಧವಾದರೂ, ಕದಂಬರಿಗೆ ಮುನ್ನ ಚುಟುಕುಲದ ಅರಸರು ಇಲ್ಲಿ ಆಳುತ್ತಿದ್ದರು. ಮಧುಕೇಶ್ವರ ದೇವಾಲಯದಲ್ಲಿ ಆ ಕಾಲದ ಐದು ಹೆಡೆಯ ನಾಗಶಿಲೆಯೊಂದಿರುವುದು. ಅದರ ಮೇಲೆ ಬ್ರಾಹ್ಮೀಲಿಪಿಯ ಪ್ರಾಕೃತ ಶಾಸನವೊಂದನ್ನು ಕೊರೆದಿರುವರು. ಹಾರಿತೀಪುತ್ರ ವಿಣ್ಹುಕಡ ಚುಟುಕುಲಾನಂದ ಶಾತಕರ್ಣಿಯೆಂಬ ಅರಸನ ಕಾಲದಲ್ಲಿ, ಆತನ ಆಳಿಕೆಯ 12ನೆಯ ವರ್ಷದ ಹೇಮಂತ ಋತುವಿನಲ್ಲಿ, ಶಿವಸ್ಕಂದನಾಗಶ್ರೀ ಎಂಬ ರಾಜಪುತ್ರಿಯು ಈ ದಾನವನ್ನು ಮಾಡಿದಳೆಂದು ಶಾಸನವು ಹೇಳುವುದು. ವಿದ್ವಾಂಸರು ಇದನ್ನು ಸಾಮಾನ್ಯವಾಗಿ ಕ್ರಿ. ಶ. 2 ಅಥವಾ 3ನೆಯ ಶತಮಾನಕ್ಕೆ ಸೇರಿಸುವರು.

ದಾನದ ವಿವರವು ಗಮನಾರ್ಹವಾದುದು. ರಾಜಪುತ್ರಿಯು ಕೊಟ್ಟುದು ನಾಗವೊಂದನ್ನು, ತಟಾಕವೊಂದನ್ನು, ವಿಹಾರವೊಂದನ್ನು. ಮೂರನ್ನೂ ಒಂದೇ ವಾಕ್ಯದಲ್ಲಿ, ಒಂದೇ ಧರ್ಮಕಾರ್ಯವೆಂಬಂತೆ ಎಣಿಸಿದೆ. ಕೆಲಸದ ಮೇಲ್ವಿಚಾರಣೆಯನ್ನು ನೋಡಿಕೊಂಡ ಅಮಾತ್ಯನ ಹೆಸರೂ ಇಲ್ಲುಂಟು. ಅದಕ್ಕಿಂತ ಸ್ವಾರಸ್ಯವಾದ ಸಂಗತಿಯೆಂದರೆ, ಕೊನೆಯಲ್ಲಿ ಶಿಲ್ಪಿಯ ಹೆಸರಿರುವುದು: ಆಚಾರ್ಯ ಇದಮೋರಕನ ಶಿಷ್ಯನಾದ ನಟಕನು ಈ ನಾಗವನ್ನು ಮಾಡಿದನು. ಇದಮೋರಕವೆಂಬುದು ಸಂಸ್ಕೃತದ ಇಂದ್ರಮಯೂರವೆಂದು ಪಂಡಿತರು ಹೇಳಿರುವರು. ಹಾವಿನ ಹಗೆಯಾದ ನವಿಲಿನ ಹೆಸರನ್ನು ಹೊತ್ತ ಗುರುವಿನ ಶಿಷ್ಯನು ನಾಗನನ್ನು ಕಡೆದನೆಂಬುದು ಆಕಸ್ಮಿಕವಾದರೂ ಸೊಗಸಾದ ಯೋಗ. ಪ್ರಾಚೀನ ಭಾರತದ ಶಿಲ್ಪಿಗಳಲ್ಲಿ ಬಹುಮಂದಿ ಹೆಸರಿಲ್ಲದೆ ಮರೆಯಾಗಿರುವಾಗ, ಕನ್ನಡನೆಲದ ಈ ನಾಗಶಿಲ್ಪಿಯ ಹೆಸರೂ ಅವನ ಗುರುವಿನ ಹೆಸರೂ ಉಳಿದು ಬಂದಿರುವುವು.

ನಾಗನನ್ನೂ ಕೆರೆಯನ್ನೂ ಒಟ್ಟಿಗೆ ಇರಿಸಿದುದು ಬನವಾಸಿಯ ರಾಜಪುತ್ರಿಯೊಬ್ಬಳ ಮನಸ್ಸಿನ ವಿಶೇಷವೆಂದು ತಿಳಿಯಲಾಗದು. ಬಹುದೂರದ ಮಥುರೆಯ ಬಳಿ ಛಡಗಾಂವ್ ಎಂಬಲ್ಲಿ ಆಳೆತ್ತರವನ್ನು ಮೀರಿದ ನಾಗಪ್ರತಿಮೆಯೊಂದು ದೊರೆತಿದೆ. ಹಿಂದೆ ಏಳು ಹೆಡೆಗಳನ್ನು ಬಿಚ್ಚಿ ಬಲಗೈಯೆತ್ತಿ ನಿಂತ ಈ ಮೂರ್ತಿಯ ಬೆನ್ನಿನ ಮೇಲೆ ಕುಷಾಣ ಚಕ್ರವರ್ತಿ ಹುವಿಷ್ಕನ ಕಾಲದ, 40ನೆಯ ವರ್ಷದ ಶಾಸನವುಂಟು. ಸೇನಹಸ್ತಿ, ಭೋಣುಕ ಎಂಬಿಬ್ಬರು ಗೆಳೆಯರು ತಮ್ಮ ಪುಷ್ಕರಿಣಿಯ ಬಳಿ ಈ ನಾಗನನ್ನು ಸ್ಥಾಪಿಸಿ ಭಗವಂತನಾದ ನಾಗನು ಪ್ರೀತನಾಗಲೆಂದು ಹಾರೈಸಿದರೆಂಬುದು ಅದರ ತಾತ್ಪರ್ಯ. ಅಲ್ಲಿ ರಾಜಪುತ್ರಿಯಿಲ್ಲ, ವಿಹಾರವೂ ಇಲ್ಲ, ಆದರೆ ಕೆರೆಯಿದೆ. ಸಾಂಚಿಯ ಸುತ್ತಣ ಸೀಮೆಯಲ್ಲಿ ಇತ್ತೀಚಿನ ದಶಕಗಳಲ್ಲಿ ನಡೆದ ಕ್ಷೇತ್ರಶೋಧನೆಗಳೂ ಇದನ್ನೇ ಸಮರ್ಥಿಸುವುವು. ಅಲ್ಲಿನ ಪುರಾತನ ಒಡ್ಡುಗಳ ನೆರೆಯಲ್ಲಿ ನಾಗಮೂರ್ತಿಗಳು ಕಂಡುಬಂದಿರುವುವು. ಕೆರೆ ಕಟ್ಟಿದವರು ನಾಗನನ್ನು ನಿಲ್ಲಿಸುವುದು ನೂರಾರು ಹರದಾರಿಗಳ ಅಂತರದ ನಾಡುಗಳಲ್ಲಿಯೂ ರೂಢಿಯಾಗಿದ್ದಿತೆಂದು ಇದರಿಂದ ತಿಳಿಯಬಹುದು.

ಇವೆರಡಕ್ಕಿಂತಲೂ ಹಳೆಯದಾದ ಭರ್ಹುತ್ ಸ್ತೂಪದ ಕಟಾಂಜನವನ್ನು ನೋಡಿದರೆ ಈ ಭಾವನೆಯ ಮೂಲವು ಮತ್ತಷ್ಟು ಸ್ಪಷ್ಟವಾಗುವುದು. ಕ್ರಿ. ಪೂ. 2ನೆಯ ಶತಮಾನದ ಸುಮಾರಿನ ಈ ಸ್ತೂಪದ ಅವಶೇಷಗಳನ್ನು 1873ರಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಪತ್ತೆಮಾಡಿದನು. ಸುತ್ತಣ ಹಳ್ಳಿಗರು ಅಷ್ಟರೊಳಗೆ ಬಹುಭಾಗವನ್ನು ಮನೆಗಳ ಗೋಡೆಗೆಂದು ಸಾಗಿಸಿಬಿಟ್ಟಿದ್ದರು. ಉಳಿದ ಕಂಬಗಳನ್ನೂ ಅಡ್ಡಗಲ್ಲುಗಳನ್ನೂ ಕಲ್ಕತ್ತೆಯ ವಸ್ತುಸಂಗ್ರಹಾಲಯಕ್ಕೆ ಒಯ್ದರು. ಅಲ್ಲಿನ ಒಂದು ಫಲಕದಲ್ಲಿ ಏರಾಪತನೆಂಬ ನಾಗರಾಜನ ಕಥೆಯಿರುವುದು. ಹಲವು ಹೆಡೆಯ ಹಾವಾಗಿ ನೀರಿನಿಂದ ಮೇಲೇಳುವವನೂ ಆತನೇ. ಮನುಷ್ಯರೂಪವನ್ನು ತಾಳಿ ಮರದಡಿಯ ಬರಿಯ ಆಸನಕ್ಕೆ ಮಣಿಯುವವನೂ ಆತನೇ. ಬುದ್ಧನ ಆಕೃತಿ ಅಲ್ಲಿಲ್ಲ. ಮರವೇ ಬುದ್ಧನ ಸನ್ನಿಧಿ. ಅದೇ ಕಟಾಂಜನದ ಬೇರೆ ಫಲಕಗಳಲ್ಲಿ ಹಿಂದಣ ಬುದ್ಧರನ್ನು ಅವರವರ ಬೋಧಿವೃಕ್ಷದಿಂದಲೇ ಗುರುತಿಸಿರುವರು: ವಿಪಶ್ಯಿಗೆ ಪಾದರಿ, ವಿಶ್ವಭೂವಿಗೆ ಸಾಲ, ಕ್ರಕುಚ್ಛಂದನಿಗೆ ಶಿರೀಷ, ಕನಕಮುನಿಗೆ ಅತ್ತಿ, ಕಾಶ್ಯಪನಿಗೆ ಆಲ, ಶಾಕ್ಯಮುನಿಗೆ ಅಶ್ವತ್ಥ. ಒಂದು ಮರದ ಎಲೆಯನ್ನು ಇನ್ನೊಂದು ಮರದ ಎಲೆಯಿಂದ ಬೇರ್ಪಡಿಸಿ ಕಡೆಯಬಲ್ಲ ಶಿಲ್ಪಿಯು ಕಾಡನ್ನು ಚೆನ್ನಾಗಿ ಬಲ್ಲವನೇ ಆಗಿರಬೇಕು. ಭಾರತೀಯ ಶಿಲ್ಪದ ಬಾಲ್ಯದಲ್ಲಿ ನೀರು, ಮರ, ನಾಗ ಇವು ಕಥೆಯ ಹಿನ್ನೆಲೆಯಾಗಿರದೆ ಕಥೆಯ ಪಾತ್ರಗಳೇ ಆಗಿದ್ದುವು.

ಹಾವಿಗೂ ನೀರಿಗೂ ಈ ನಂಟು ಹೇಗೆ ಬಂದಿತು? ಒಕ್ಕಲಿನ ಮನೆಯವರಿಗೆ ಇದರ ಉತ್ತರವನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಮುಂಗಾರಿನ ಮಳೆಗೆ ಬಿಲಗಳೂ ಹುತ್ತಗಳೂ ನೀರು ತುಂಬಲು ಹಾವುಗಳು ಹೊರಬೀಳುವುವು; ಕಪ್ಪೆಗಳು ಕೂಗುವ ಗದ್ದೆಯ ಬದುವಿನಲ್ಲಿಯೂ ಇಲಿಗಳು ಸೇರುವ ಕಣಜದ ಬಳಿಯಲ್ಲಿಯೂ ಅವು ಸುಳಿದಾಡುವುವು. ಶ್ರಾವಣ ಶುದ್ಧ ಪಂಚಮಿಯು ನಾಗನ ಹಬ್ಬವಾದುದೂ, ಆ ದಿನ ನೆಲವನ್ನು ಅಗೆಯಬಾರದು, ಉಳಬಾರದೆಂಬ ಕಟ್ಟು ಅನೇಕ ಮನೆಗಳಲ್ಲಿ ಬೆಳೆದುಬಂದುದೂ ಈ ಋತುಧರ್ಮಕ್ಕೆ ಒಪ್ಪುವಂತಿದೆ. ಶಾಸ್ತ್ರಕಾರರೂ ಇದನ್ನು ಕಡೆಗಣಿಸಲಿಲ್ಲ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ ನೆಲದೊಳಗಣ ನೀರನ್ನು ಕಂಡುಹಿಡಿಯುವ ಕುರುಹುಗಳನ್ನು ಹೇಳುವಾಗ, ಇಂಥ ಮರದ ಇಂಥ ದಿಕ್ಕಿಗೆ ಹುತ್ತವಿದ್ದರೆ ಇಷ್ಟು ಆಳದಲ್ಲಿ ನೀರುಂಟೆಂದು ಒಂದರ ಮೇಲೊಂದು ಲಕ್ಷಣವನ್ನು ಕೊಡುವನು. ಮರ, ಹುತ್ತ, ನೀರು ಇವು ಭಕ್ತನಿಗೆ ಪೂಜಾಸ್ಥಾನಗಳಾಗಿದ್ದಂತೆಯೇ ಬಾವಿ ತೋಡುವವನಿಗೆ ಗುರುತುಗಳೂ ಆಗಿದ್ದುವು. ಭಯ, ಕೃತಜ್ಞತೆ, ಅನುಭವಜ್ಞಾನ ಈ ಮೂರೂ ಒಂದೇ ಹೆಡೆಯ ಕೆಳಗೆ ಕೂಡಿದುದು ಹೀಗೆ.

ಪಾಶ್ಚಾತ್ಯ ಪಂಡಿತರ ಗಮನವು ಈ ವಿಷಯದ ಮೇಲೆ ಬಿದ್ದುದು 19ನೆಯ ಶತಮಾನದಲ್ಲಿ. 1868ರಲ್ಲಿ ಜೇಮ್ಸ್ ಫರ್ಗುಸನ್ ಎಂಬಾತನು ಸಾಂಚಿ ಅಮರಾವತಿಗಳ ಶಿಲ್ಪವನ್ನು ಆಧರಿಸಿ ವೃಕ್ಷಪೂಜೆ ಸರ್ಪಪೂಜೆಗಳನ್ನು ಕುರಿತು ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಸರ್ಪಪೂಜೆಯು ಆರ್ಯೇತರರಾದ ಒಂದು ಜನಾಂಗದ ಸೊತ್ತೆಂಬುದು ಆತನ ಮತ. 1926ರಲ್ಲಿ ಡಚ್ ವಿದ್ವಾಂಸನಾದ ಫೋಗೆಲ್ ಭಾರತದ ನಾಗಕಥೆಗಳನ್ನೆಲ್ಲ ಕಲೆಹಾಕಿ, ನಾಗನ ಕಲ್ಪನೆಗೆ ಮೂಲವು ನಿಜವಾದ ಹಾವೇ ಎಂದು ಸಾಧಿಸಿದನು. ಆನಂದ ಕುಮಾರಸ್ವಾಮಿಯವರು 1928 ಮತ್ತು 1931ರಲ್ಲಿ ಹೊರತಂದ ಯಕ್ಷವಿಚಾರದ ಎರಡು ಭಾಗಗಳಲ್ಲಿ ಯಕ್ಷ, ನಾಗ, ಮಕರ, ಪೂರ್ಣಕುಂಭ, ಪದ್ಮ ಇವೆಲ್ಲವೂ ಜಲವೇ ಜೀವಮೂಲವೆಂಬ ಒಂದೇ ದರ್ಶನದ ಅಂಗಗಳೆಂದು ತೋರಿಸಿದರು.

ಬನವಾಸಿಯ ಶಾಸನವನ್ನು ಮುಂದಿರಿಸಿಕೊಂಡು ಈ ಮತಗಳನ್ನು ತೂಗಿ ನೋಡಬಹುದು. ಫರ್ಗುಸನ್ನನ ಜನಾಂಗಸಿದ್ಧಾಂತವು ಇಲ್ಲಿ ನಿಲ್ಲುವುದಿಲ್ಲ. ದಾನಿಯು ಅರಮನೆಯವಳು; ಆಕೆಯ ಹೆಸರಿನಲ್ಲಿ ಶಿವನೂ ಸ್ಕಂದನೂ ನಾಗನೂ ಕೂಡಿರುವರು; ಆಕೆ ಕಟ್ಟಿಸಿದುದು ವಿಹಾರವನ್ನು. ಒಂದು ಜನಾಂಗದ, ಒಂದು ಮತದ ಬೇಲಿಯೊಳಗೆ ಈ ನಾಗನನ್ನು ಕಟ್ಟಿಹಾಕಲಾಗದು. ಫೋಗೆಲ್ಲನ ನುಡಿ ಸರಿಯಾದುದೇ, ಕಲ್ಲಿನ ಮೇಲಿರುವುದು ಹಾವೇ. ಆದರೆ ಹಾವಿನ ಪಕ್ಕದಲ್ಲಿ ಕೆರೆಯೇಕೆ ಎಂಬ ಪ್ರಶ್ನೆಗೆ ಕುಮಾರಸ್ವಾಮಿಯವರ ವಿವೇಚನೆಯಲ್ಲಿಯೇ ಹೆಚ್ಚು ತೃಪ್ತಿಕರವಾದ ಉತ್ತರ ದೊರೆಯುವುದು.

ಚಾಳುಕ್ಯರ ಕಾಲಕ್ಕೆ ನಾಗನು ದೇವಾಲಯದ ಒಳಗೆ ಬಂದನು. ಬಾದಾಮಿಯ ಮೊದಲನೆಯ ಗುಹೆಯ ಮೊಗಸಾಲೆಯ ಮಾಳಿಗೆಯಲ್ಲಿ, ಸುತ್ತಿ ಸುತ್ತಿ ಸುರುಳಿಗೊಂಡ ದೇಹದ ನಡುವಿನಿಂದ ಮನುಷ್ಯಾಕಾರದಲ್ಲಿ ಮೂಡಿಬಂದ ನಾಗರಾಜನು ಕೆಳಗೆ ನಿಂತವರನ್ನು ನೋಡುವನು. ಕೆಳಗೆ ಕಣಿವೆಯಲ್ಲಿ ಅಗಸ್ತ್ಯತೀರ್ಥವೆಂಬ ವಿಶಾಲವಾದ ಕೆರೆ ಹರಡಿರುವುದು. ಅದೇ ಬೆಟ್ಟದಲ್ಲಿ ಮುಂದೆ ನಡೆದರೆ ಮೂರನೆಯ ಗುಹೆಯಲ್ಲಿ, ಕ್ರಿ. ಶ. 578ರ ಶಾಸನವಿರುವಲ್ಲಿ, ಆದಿಶೇಷನ ಸುರುಳಿಯ ಮೇಲೆ ಕುಳಿತ ವಿಷ್ಣುವಿರುವನು. ನಾಲ್ಕನೆಯ ಜೈನಗುಹೆಯಲ್ಲಿ ನಾಗಫಣದ ನೆರಳಿನ ಪಾರ್ಶ್ವನಾಥನಿರುವನು. ಕಮಠನು ಸುರಿಸಿದ ಬಿರುಮಳೆಯಿಂದ ಪಾರ್ಶ್ವನಾಥನನ್ನು ಧರಣೇಂದ್ರನು ಕಾಪಾಡಿದಂತೆ, ಬಿರುಗಾಳಿಮಳೆಯಲ್ಲಿ ಬುದ್ಧನನ್ನು ಮುಚಲಿಂದನೆಂಬ ನಾಗನು ಕಾಪಾಡಿದನೆಂದು ಬೌದ್ಧರು ಹೇಳುವರು. ಮತಗಳು ಬೇರೆಯಾದರೂ ಕಥೆಯ ತಿರುಳು ಒಂದೇ: ಮಹಾತ್ಮನು ನಿಶ್ಚಲನಾಗಿ ಕುಳಿತಾಗ ಪ್ರಕೃತಿಯೇ ತನ್ನ ಉಗ್ರತೆಗೆ ತಾನೇ ಕೊಡೆಯನ್ನು ಹಿಡಿಯುವುದು. ವಾದಶಾಲೆಗಳಲ್ಲಿ ಪರಸ್ಪರ ಖಂಡಿಸಿದ ಮತಗಳು ಈ ಹೆಡೆಯ ಕೆಳಗೆ ನಿಲ್ಲಲು ಒಪ್ಪಿಕೊಂಡುವು.

ಅರಮನೆಯ ಆಶ್ರಯದಲ್ಲಿ ಬೆಳೆದ ಈ ಶಿಲ್ಪಕ್ಕೆ ಸಮಾನವಾಗಿ ಊರ ಕಲ್ಲುಕುಟಿಗರ ಕೈಯಲ್ಲಿ ಇನ್ನೊಂದು ಧಾರೆಯು ಹರಿಯಿತು. ನಾಗರಕಲ್ಲಿನಲ್ಲಿ ಮುಖ್ಯವಾಗಿ ಮೂರು ಬಗೆಗಳನ್ನು ಕಾಣಬಹುದು. ಸುರುಳಿಯ ಮೇಲೆ ಹೆಡೆಯೆತ್ತಿದ ಒಂದೇ ಸರ್ಪವಿರುವುದು ಮೊದಲನೆಯದು. ಸೊಂಟದಿಂದ ಮೇಲೆ ಮನುಷ್ಯರೂಪ, ಕೆಳಗೆ ಹಾವಿನ ರೂಪವಿರುವುದು ಎರಡನೆಯದು. ಎರಡು ಸರ್ಪಗಳು ಹೆಣೆದುಕೊಂಡು ಎದುರುಬದುರಾಗಿ ಹೆಡೆಯೆತ್ತಿರುವುದು ಮೂರನೆಯದು. ಈ ಕೊನೆಯ ಬಗೆಯಲ್ಲಿ ಹೆಣಿಗೆಯ ನಡುವಣ ತೆರಪಿನಲ್ಲಿ ಲಿಂಗವನ್ನೋ ಪದ್ಮವನ್ನೋ ಇರಿಸುವರು. ಮಕ್ಕಳ ಹಂಬಲದಿಂದ ಹರಕೆ ಹೊತ್ತ ದಂಪತಿಗಳೇ ಹೆಚ್ಚಾಗಿ ಈ ಕಲ್ಲುಗಳನ್ನು ಕಡೆಸುತ್ತಿದ್ದುದರಿಂದ, ಕೂಡಿದ ಸರ್ಪಗಳ ಚಿತ್ರಕ್ಕೆ ಅರ್ಥವು ತಾನಾಗಿಯೇ ಒದಗುವುದು.

ಕಲ್ಲು ಕಡೆದ ಮಾತ್ರಕ್ಕೆ ನಾಗನು ಸಿದ್ಧನಾಗುತ್ತಿರಲಿಲ್ಲ. ಕಡೆದ ಕಲ್ಲನ್ನು ಆರು ತಿಂಗಳ ಕಾಲ ಬಾವಿಯಲ್ಲಿಯೋ ಕೊಳದಲ್ಲಿಯೋ ಮುಳುಗಿಸಿಡುವ ಪದ್ಧತಿಯನ್ನು ಹಿಂದಣ ಬರಹಗಾರರು ದಾಖಲೆಮಾಡಿರುವರು. ನೀರಿನ ಜೀವವು ಕಲ್ಲಿಗೆ ಇಳಿಯಬೇಕೆಂಬುದು ಅದರ ಭಾವ. ಬಳಿಕ ಅದನ್ನು ಮೇಲೆತ್ತಿ ಪ್ರಾಣಪ್ರತಿಷ್ಠೆಯನ್ನು ಮಾಡಿ ಅಶ್ವತ್ಥದ ಬುಡದಲ್ಲಿ, ಅಶ್ವತ್ಥವೂ ಬೇವೂ ಒಟ್ಟಿಗೆ ಬೆಳೆದು ದಂಪತಿಗಳೆನಿಸಿಕೊಂಡಲ್ಲಿ ಇನ್ನೂ ಶ್ರೇಷ್ಠವೆಂದು, ನಿಲ್ಲಿಸುವರು. ಶಿಲ್ಪಿಯ ಉಳಿಯು ನಿಂತ ಮೇಲೆ ನೀರು ಕೆಲಸಕ್ಕೆ ತೊಡಗುವುದು. ನೀರು ಮುಗಿಸಿದುದನ್ನು ಮರವು ವಹಿಸಿಕೊಳ್ಳುವುದು. ಮುಂದೆ ತಲೆಮಾರುಗಳ ಹೆಂಗಸರ ಕೈಯ ಅರಸಿನವೂ ಹಾಲೂ ಶಿಲೆಯ ಅಂಚುಗಳನ್ನು ಸವೆಯಿಸಿ ನುಣುಪುಗೊಳಿಸುವುವು. ಒಂದು ಕಲಾಕೃತಿಯು ಎಲ್ಲಿ ಮುಗಿಯಿತೆಂದು ಕೇಳಿದರೆ, ಗ್ರೀಸಿನ ಪ್ರತಿಮೆಯ ವಿಷಯದಲ್ಲಿ ಹೇಳುವ ಉತ್ತರವನ್ನು ನಾಗರಕಲ್ಲಿನ ವಿಷಯದಲ್ಲಿ ಹೇಳಲಾಗದು. ಮನುಷ್ಯನು ಅರ್ಧ ಮಾಡಿ ಉಳಿದರ್ಧವನ್ನು ಪ್ರಕೃತಿಗೆ ಒಪ್ಪಿಸಿದ ಕೃತಿಯಿದು.

ಇಷ್ಟನ್ನು ಹೇಳಿದ ಮೇಲೆ ಆಕ್ಷೇಪವೊಂದನ್ನು ಮರೆಮಾಡುವುದು ನ್ಯಾಯವಲ್ಲ. 12ನೆಯ ಶತಮಾನದಲ್ಲಿ ಬಸವಣ್ಣನವರು ತಮ್ಮ ಸುಪ್ರಸಿದ್ಧವಾದ ವಚನವೊಂದರಲ್ಲಿ, ಶಿಲೆಗೆ ಸಲ್ಲುವ ಆದರವು ಜೀವವಿರುವ ಸರ್ಪಕ್ಕೆ ಏಕೆ ಸಲ್ಲದೆಂದು ಚುಚ್ಚಿ ಕೇಳಿದರು. ಪೂಜೆಯು ಪ್ರತಿಮೆಯಲ್ಲಿಯೇ ನಿಂತುಹೋದರೆ ಅದು ಪೂಜೆಯಲ್ಲವೆಂಬುದು ಅವರ ಟೀಕೆಯ ಮರ್ಮ. ಹಾವು ಹಾಲನ್ನು ಆಹಾರವಾಗಿ ಬಯಸುವ ಪ್ರಾಣಿಯಲ್ಲವೆಂದೂ, ಹುತ್ತಕ್ಕೆ ಎರೆದ ಹಾಲಿನಿಂದ ಅದಕ್ಕೆ ಉಪಕಾರವಿಲ್ಲವೆಂದೂ ಇಂದಿನ ಪ್ರಾಣಿಶಾಸ್ತ್ರವು ಹೇಳುವುದು. ಈ ಟೀಕೆಯನ್ನು ನಾಗಶಿಲ್ಪದ ನಿಂದೆಯೆಂದು ಬಗೆಯಬೇಕಾಗಿಲ್ಲ. ಶಿಲ್ಪವು ತನ್ನ ಮೂಲದಿಂದ ಕಡಿದುಹೋದರೆ ಏನಾಗುವುದೆಂಬ ಎಚ್ಚರಿಕೆಯಾಗಿ ಅದನ್ನು ಓದಬಹುದು. ನಟಕನು ಕಡೆದ ನಾಗದ ಜೊತೆಗೆ ಕೆರೆಯೊಂದನ್ನು ತೋಡಿಸಿದ ರಾಜಪುತ್ರಿಗೆ ಈ ಟೀಕೆಯು ತಗಲುವುದಿಲ್ಲ. ಕೆರೆಯನ್ನು ಮುಚ್ಚಿ ನಾಗನನ್ನು ಮಾತ್ರ ಪೂಜಿಸುವವರಿಗೆ ಅದು ಚೆನ್ನಾಗಿ ತಗಲುವುದು.

ನಾಗ, ನೀರು, ಮರಗಳ ಈ ಸಂಬಂಧವು ಅತ್ಯಂತ ಪೂರ್ಣವಾಗಿ ಉಳಿದುಬಂದುದು ತುಳುನಾಡಿನಲ್ಲಿ. ಅಲ್ಲಿ ಒಂದೊಂದು ಕುಟುಂಬಕ್ಕೂ ಮೂಲದ ನಾಗನುಂಟು. ಆ ನಾಗನಿಗೆ ಬನವುಂಟು. ಗದ್ದೆತೋಟಗಳ ನಡುವೆ ಕತ್ತಿ ಸೋಕದ ಈ ಮರಗಿಡಬಳ್ಳಿಗಳ ತುಣುಕೇ ದೇವಾಲಯ. ಗೋಡೆ, ಗೋಪುರ, ಮಾಡುಗಳ ಹಂಗು ಅದಕ್ಕಿಲ್ಲ. ವರ್ಷದ ಬಹುಕಾಲ ಯಾರೂ ಕಾಲಿಡದ ಕಾರಣ ಹಾವು, ಹಕ್ಕಿ, ಜೇನುಗಳಿಗೆ ಅದು ನಿರ್ಭಯದ ನೆಲೆಯಾಗುವುದು. ತರಗೆಲೆಯ ಹಾಸಿನೊಳಗೆ ಮಳೆಯ ನೀರು ಇಂಗುವುದು.

ನಾಗಮಂಡಲದ ಉತ್ಸವದಲ್ಲಿ ಇದೇ ಭಾವವು ಚಿತ್ರರೂಪವನ್ನು ತಾಳುವುದು. ವೈದ್ಯರೆಂಬ ಕಲಾವಿದರು ನೆಲದ ಮೇಲೆ ಹೆಣೆದ ನಾಗನ ಬೃಹತ್ ಚಿತ್ರವನ್ನು ಐದು ಬಣ್ಣಗಳ ಪುಡಿಯಿಂದ ಬಿಡಿಸುವರು. ಅರಸಿನದಿಂದ ಹಳದಿ, ಅರಸಿನಕ್ಕೆ ಸುಣ್ಣ ಬೆರೆಸಿ ಕೆಂಪು, ಎಲೆಯ ಪುಡಿಯಿಂದ ಹಸಿರು, ಸುಟ್ಟ ಉಮಿಯಿಂದ ಕಪ್ಪು, ಇವುಗಳ ಜೊತೆಗೆ ಬಿಳಿ. ಎಲ್ಲವೂ ನೆಲದಿಂದಲೂ ಹಿತ್ತಿಲಿನಿಂದಲೂ ಬಂದುವು. ಹೆಣಿಗೆಯ ಗಂಟುಗಳಿಗೆ ಪವಿತ್ರಗಳೆಂದು ಹೆಸರು. ಪೂರ್ಣಮಂಡಲಕ್ಕೆ 16, ಅರ್ಧಕ್ಕೆ 8, ಕಾಲಿಗೆ 4 ಎಂಬ ಲೆಕ್ಕವುಂಟು. ರಾತ್ರಿಯಿಡೀ ಡಕ್ಕೆಯ ನಾದಕ್ಕೆ ವೈದ್ಯನೂ ಹಿಂಗಾರದ ಹೂವನ್ನು ಹಿಡಿದ ನಾಗಪಾತ್ರಿಯೂ ಅದರ ಸುತ್ತ ಕುಣಿಯುವರು. ಬೆಳಗಾಗುವ ಹೊತ್ತಿಗೆ ಚಿತ್ರವು ಅಳಿಯುವುದು. ಬಣ್ಣದ ಪುಡಿಯನ್ನು ಜನರು ಪ್ರಸಾದವಾಗಿ ಒಯ್ಯುವರು. ಇಷ್ಟು ಶ್ರಮದ ಕೃತಿಯನ್ನು ಉಳಿಸಿಕೊಳ್ಳುವ ಆಸೆಯೇ ಅಲ್ಲಿಲ್ಲ. ಬನವು ಉಳಿದಿರುವಾಗ ಚಿತ್ರವನ್ನು ಮತ್ತೆ ಬರೆಯಬಹುದೆಂಬ ವಿಶ್ವಾಸವು ಅದರ ಹಿಂದಿರುವುದು.

ಆ ವಿಶ್ವಾಸಕ್ಕೇ ಈಗ ಧಕ್ಕೆ ಬಂದಿದೆ. ಭಕ್ತಿಯು ಕಡಮೆಯಾಗಿ ಹೀಗಾಯಿತೆಂದು ಹೇಳುವಂತಿಲ್ಲ. ಹಲವೆಡೆ ಭಕ್ತಿಯ ಹೆಸರಿನಲ್ಲಿಯೇ ಬನದ ಮರಗಳನ್ನು ಕಡಿದು, ನೆಲಕ್ಕೆ ಸಿಮೆಂಟನ್ನು ಹಾಸಿ, ಸುತ್ತ ಕಟ್ಟೆಯನ್ನು ಕಟ್ಟಿ, ನಾಗನ ಕಲ್ಲುಗಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿರುವರು. ಇದನ್ನು ಜೀರ್ಣೋದ್ಧಾರವೆಂದು ಕರೆಯುವರು. ಬಯಲುಸೀಮೆಯಲ್ಲಿ ರಸ್ತೆಯ ಅಗಲಕ್ಕೆಂದು ಅಶ್ವತ್ಥವು ಉರುಳಿದಾಗ ನಾಗರಕಲ್ಲುಗಳು ಗುಡಿಯ ಮೂಲೆಯನ್ನು ಸೇರುವುವು. ಹೂಳು ತುಂಬಿದ ಕೆರೆಯು ನಿವೇಶನಗಳಾದಾಗ ಏರಿಯ ನಾಗನು ವಿಳಾಸವಿಲ್ಲದವನಾಗುವನು. ವಸ್ತುಸಂಗ್ರಹಾಲಯಕ್ಕೆ ಬಂದ ಕಲ್ಲು ಕೆಡದೆ ಉಳಿಯುವುದೆಂಬುದು ನಿಜ. ಛಡಗಾಂವಿನ ನಾಗನು ಇಂದು ಮಥುರೆಯ ಸಂಗ್ರಹಾಲಯದಲ್ಲಿ ಸುರಕ್ಷಿತನಾಗಿರುವನು. ಆದರೆ ಸೇನಹಸ್ತಿ ಭೋಣುಕರ ಪುಷ್ಕರಿಣಿಯು ಅವನ ಜೊತೆಗೆ ಬರಲಿಲ್ಲ. ಬೆನ್ನಿನ ಶಾಸನವನ್ನು ಓದಬಲ್ಲವನಿಗೆ ಮಾತ್ರ ಆ ನೀರಿನ ನೆನಪುಂಟು.

ಹಳೆಯ ವಾಸ್ತುಗಳನ್ನು ಕಾಪಾಡಬೇಕೆಂಬ ಅರಿವು ವಿದ್ಯಾವಂತರಲ್ಲಿ ಈಗ ಸಾಕಷ್ಟಿದೆ. ಆದರೆ ಕಾಪಾಡುವುದೆಂದರೆ ಕಲ್ಲನ್ನು ಕಾಪಾಡುವುದೆಂದೇ ಬಹುಜನರು ತಿಳಿದಿರುವರು. ನಾಗಶಿಲ್ಪದ ಇತಿಹಾಸವು ಬೇರೊಂದು ಪಾಠವನ್ನು ಹೇಳುವುದು. ಕಟ್ಟೆಯ ಮರವು ಸತ್ತಲ್ಲಿ ಇನ್ನೊಂದು ಅಶ್ವತ್ಥವನ್ನು ನೆಡುವುದು, ಬನಕ್ಕೆ ಕಟ್ಟೆಗೋಡೆಗಳ ಬದಲು ಅದರ ಸಸಿಗಳನ್ನೇ ಕೊಡುವುದು, ಕೆರೆಯ ಹೂಳನ್ನು ತೆಗೆಯಿಸುವುದು, ಇವೂ ಶಿಲ್ಪದ ರಕ್ಷಣೆಯೇ. ಹರಕೆ ಹೊತ್ತ ಮನೆಯವರಾಗಲಿ, ಊರಿನ ಹಿರಿಯರಾಗಲಿ, ಪ್ರಾಚ್ಯವಸ್ತುಗಳ ಅಧಿಕಾರಿಗಳಾಗಲಿ ಕೆಲಸಕ್ಕೆ ತೊಡಗುವ ಮುನ್ನ ಬನವಾಸಿಯ ಶಿಲೆಯ ಮುಂದೆ ಒಂದು ಕ್ಷಣ ನಿಂತು ಅದರ ಮಾತನ್ನು ಮನಸ್ಸಿಗೆ ತಂದುಕೊಂಡರೆ ಒಳಿತು. ಅಲ್ಲಿ ಮೊದಲು ನಾಗನ ಹೆಸರಿದೆ, ಅದರ ಬೆನ್ನಿಗೇ ಕೆರೆಯ ಹೆಸರಿದೆ; ಸಾವಿರದ ಏಳುನೂರು ವರ್ಷಗಳಿಗೂ ಹಿಂದೆ ದಾನಕೊಟ್ಟವಳು ಎರಡನ್ನೂ ಬೇರೆಮಾಡಿ ಎಣಿಸಿರಲಿಲ್ಲ.